ಹಿಂಡು ಬಿಡಲೊಲ್ಲದ ಕುಮಾರಿ ಸೆಲ್ಲೋ ಅವರಿಗೆ ಮದುಮಗಳ ಅಪ್ಪನ ದೂರು

ಮಾನ್ಯರೇ,

ಹೊರ್ತೊಬಾಜ್ ಬಯಲಿನ ಅಷ್ಟೂ ಹುಲ್ಲಿಗೆ ತಾವೇ ಒಡತಿಯೆಂದು ತಿಳಿದಿರುವ, ಏತದ ಬಾವಿಯ ತೊಟ್ಟಿಗೆ ಮೊದಲು ಮೂತಿಯಿಡುವ ಹಕ್ಕಿಗಾಗಿ ಸ್ವಂತ ತಂಗಿಯ ಬೆನ್ನನ್ನೇ ಕಚ್ಚಿದ, ಕಂದು ಮೈಯ, ಬಿಳಿ ಮೂಗಿನ ಹೆಣ್ಣುಗುದುರೆ ಕುಮಾರಿ ಸೆಲ್ಲೋ ಅವರ ನಾಲ್ಕೂ ಗೊರಸುಗಳಿಗೆ ಬೇರೆ ಬೇರೆಯಾಗಿ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಇಂದು ಬೆಳಿಗ್ಗೆ ನನ್ನ ಟೊಪ್ಪಿಯ ಗರಿಯನ್ನು ತಾವು ತಿಂದು ಮುಗಿಸಿದ ರೀತಿ ನೋಡಿದರೆ ಹಸಿವೆಗಂತೂ ಕೊರತೆಯಿಲ್ಲ. ನಾನೂ ಕ್ಷೇಮವೇ, ಸೊಂಟವೊಂದನ್ನು ಬಿಟ್ಟು.

ಶನಿವಾರ ನನ್ನ ಮಗಳ ಮದುವೆಯ ದಿನ, ಚರ್ಚಿನ ಬೀದಿಯಲ್ಲಿ, ಊರೆಲ್ಲ ನೋಡುತ್ತಿರುವಾಗ ತಾವು ನಡೆಸಿದ ಅಪರಾಧದ ಬಗ್ಗೆ ದೂರು ಸಲ್ಲಿಸಲು ಈ ಪತ್ರ. ಆದರೆ ಇದು ಬಹಿರಂಗ ಪತ್ರವಾದ್ದರಿಂದ, ನಮ್ಮಿಬ್ಬರ ಜಗಳ ಗೊತ್ತಿಲ್ಲದ ನಾಲ್ಕು ಜನ ಓದಿ ತಮ್ಮ ಪರವಾಗಿಯೇ ತೀರ್ಪು ಕೊಟ್ಟುಬಿಟ್ಟಾರೆಂಬ ಭಯದಿಂದ ಮೊದಲಿನಿಂದ ಹೇಳುತ್ತೇನೆ, ದಯವಿಟ್ಟು ಬಾಲದಿಂದ ನೊಣ ಓಡಿಸುತ್ತಾ ಕೇಳಿಸಿಕೊಳ್ಳಬೇಕು.

ನಾನು ಬೊಡ್ನಾರ್ ವೆಂಡೆಲ್, ಕುದುರೆ ಕಾಯುವವನು. ನನ್ನ ಅಪ್ಪನೂ ಅದೇ, ಅವರಪ್ಪನೂ ಅದೇ. ನಮ್ಮಲ್ಲಿ ಕುದುರೆ ಕಾಯುವವನ ಮಗಳಿಗೆ ಮದುವೆಯಾದರೆ ಅಪ್ಪನಾದವನು ಅಗಲ ಕಾಲಿನ ನೀಲಿ ಉಡುಪು ತೊಟ್ಟು, ತನ್ನ ಸ್ವಂತ ಕುದುರೆಯೇರಿ, ಮದುಮಗಳ ಮುಂದೆ ಮನೆಯಿಂದ ಚರ್ಚಿನ ಬಾಗಿಲವರೆಗೆ ಸವಾರಿ ಹೋಗಬೇಕು. ಎರವಲು ಕುದುರೆ ತಂದರೆ ಮೂರು ತಲೆಮಾರಿನ ಮಾನ ಹೋಗುತ್ತದೆ. ಜೀನಿಗೆ ಪಟ್ಟಿ ಕಟ್ಟಿದರೆ ಇನ್ನೂ ಹೆಚ್ಚು ಹೋಗುತ್ತದೆ, ಯಾಕೆಂದರೆ ಮಿಕ್ಕ ಜನ ಜೀನನ್ನು ಕುದುರೆಯ ಹೊಟ್ಟೆಗೆ ಬಿಗಿದು ಕಟ್ಟಿದರೆ, ನಾವು ಅದನ್ನು ಬೆನ್ನ ಮೇಲೆ ಸುಮ್ಮನೆ ಇಟ್ಟು ಹತ್ತಿ ಕೂರುತ್ತೇವೆ, ಕುದುರೆಯನ್ನು ನಂಬಿದವನಿಗೆ ಪಟ್ಟಿ ಯಾಕೆ ಎಂಬುದು ನಮ್ಮ ಜಂಬ. ಚಳಿಗಾಲದಲ್ಲಿ ನನ್ನ ಹಳೆಯ ಕುದುರೆಯ ಕಾಲು ಕೈಕೊಟ್ಟಿತು. ಹಿಂಡಿನ ಯಜಮಾನ ಡೆಜೋ ಮಾವ ತಮ್ಮನ್ನು ತೋರಿಸಿ, "ಇವಳನ್ನ ತಗೋ ವೆಂಡೆಲಾ, ಬೆಣ್ಣೆಯಂಥ ನಡಿಗೆ" ಎಂದರು. ಆ ಬೆಣ್ಣೆ ಬೊದ್ಜಾ ಎಂಬ ಮುದಿ ಕುದುರೆಯ ಪಕ್ಕದಲ್ಲಿ ಮಾತ್ರ ಕರಗುತ್ತದೆ, ಬೇರೆಲ್ಲೂ ಅಲ್ಲ, ಎಂಬುದನ್ನು ಅವರು ಹೇಳಲಿಲ್ಲ. ನನ್ನ ಮಗಳು ಬೊರೋಕಾಳ ಮದುವೆ ವಸಂತ ಕಾಲಕ್ಕೆಂದು ಆಗಲೇ ನಿಶ್ಚಯವಾಗಿತ್ತು.

ಮೊದಲ ಸವಾರಿ ತಮಗೆ ನೆನಪಿರಬಹುದು. ಏತದ ಬಾವಿ ದಾಟುವವರೆಗೆ ತಾವು ರಾಣಿಯಂತೆ ನಡೆದಿರಿ, ನಾನು ರಾಜನಂತೆ ಕೂತಿದ್ದೆ. ಜೊಂಡಿನ ಮರೆಯಲ್ಲಿ ಬೊದ್ಜಾ ಕಾಣದಾದ ಕ್ಷಣ ತಾವು ಲೋಕವೇ ಮುಳುಗಿಹೋಯಿತೆಂಬಂತೆ ಕೆನೆದು, ನಿಂತಲ್ಲೇ ಹಿಂದಕ್ಕೆ ತಿರುಗಿ, ನಾಗಾಲೋಟದಲ್ಲಿ ಹಿಂಡಿಗೆ ಹೊರಟಿರಿ. ತಾವು ತಿರುಗಿದ್ದು ನನಗಾಗಲಿ ಜೀನಿಗಾಗಲಿ ತಿಳಿಯದ ಕಾರಣ ನಾವಿಬ್ಬರೂ ನೇರವಾಗಿ ಊರ ಕಡೆಗೇ ಪ್ರಯಾಣ ಮುಂದುವರಿಸಿ ಕೆಸರಿನ ಕಾಲುವೆಯಲ್ಲಿ ತಂಗಿದೆವು. ಮೀಸೆಯಿಂದ ಕೆಸರು ತೊಟ್ಟಿಕ್ಕಿಸುತ್ತಾ ಜೀನು ಹೊತ್ತು ನಾನು ವಾಪಸು ಬಂದಾಗ ಡೆಜೋ ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಾ, "ಏನೋ ಇದು, ಜೀನು ನಿನ್ನ ಮೇಲಿದೆ! ಸವಾರ ಯಾರು, ಕುದುರೆ ಯಾರು, ಒಂದ್ಸಲ ಸರಿಯಾಗಿ ಮಾತಾಡ್ಕೊಳ್ರಪ್ಪ" ಎಂದರು. ಮನೆಯಲ್ಲಿ ನನ್ನ ಹೆಂಡತಿ ಇರ್ಮಾ ಬಟ್ಟೆ ಒಗೆಯುತ್ತಾ, "ರೀ, ಒಂದು ಪಟ್ಟಿ ಬಿಗೀರಿ ಅತ್ಲಾಗೆ. ಆ ನೀಲಿ ಡೇರೆ ಹಾಕ್ಕೊಂಡು ಕೂತ್ಮೇಲೆ ಕೆಳಗೆ ಪಟ್ಟಿ ಇದೆಯೋ ಪಾತ್ರೆ ಇದೆಯೋ ಯಾರಿಗೆ ಕಾಣುತ್ತೆ?" ಎಂದಳು. ಕುದುರೆಗೆ ಕಾಣುತ್ತದೆ ಎಂದೆ. ಆಕೆ ಆಕಾಶ ನೋಡಿ ಕೈಮುಗಿದಳು.

ತಮ್ಮ ಸ್ನೇಹನಿಷ್ಠೆಯನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಬೊದ್ಜಾ ಅವರಿಗಾಗಿ ತಾವು ಗಂಟಲು ಹರಿಯುವಂತೆ ಕೂಗುತ್ತಿದ್ದಾಗ, ಬೆವರಿನ ನೊರೆ ಕಟ್ಟಿಕೊಂಡು ಓಡುತ್ತಿದ್ದಾಗ, ಆ ಮಹಾತಾಯಿ ಒಮ್ಮೆಯೂ ಹುಲ್ಲಿನಿಂದ ತಲೆ ಎತ್ತಲಿಲ್ಲ, ಕ್ಯಾರೇ ಅನ್ನಲಿಲ್ಲ! ನಾನಾದರೋ ತಮಗೆ ಕ್ಯಾರೆಟ್ ತಂದೆ, ಬೆಲ್ಲದ ಹಾಗಿರುವ ಬೀಟ್‌ರೂಟ್ ತಂದೆ, ಇರ್ಮಾ ಭಾನುವಾರದ ಊಟಕ್ಕೆಂದು ಮಾಡಿಟ್ಟಿದ್ದ ಗಸಗಸೆ ರೊಟ್ಟಿಯನ್ನು ಕದ್ದು ತಂದೆ. ತಾವು ಎಲ್ಲವನ್ನೂ ಸ್ವೀಕರಿಸಿ, ಬಾಯಿ ಒರೆಸಿಕೊಳ್ಳಲು ನನ್ನ ತೋಳನ್ನೇ ಬಳಸಿ, ಬೊದ್ಜಾ ಅವರತ್ತ ನಡೆದಿರಿ. ಐವತ್ತು ದಾಟಿದ ಗಂಡಸು ಒಂದು ಮುದಿ ಕುದುರೆಯ ಮೇಲೆ ಹೊಟ್ಟೆಕಿಚ್ಚು ಪಡುವುದು ಹೇಗಿರುತ್ತದೆಂದು ತಮ್ಮ ದಯೆಯಿಂದ ತಿಳಿದುಕೊಂಡೆ.

ಕೊನೆಗೆ ಡೆಜೋ ಮಾವನೇ ಮರುಗಿ, "ಎಳೆದ್ರೆ ಬರಲ್ಲ ಕಣೋ ಅದು. ಹಿಂಡು ಬಿಟ್ರೆ ಸತ್ತೇ ಹೋಗ್ತೀನಿ ಅಂತ ಅದ್ರ ತಲೇಲಿದೆ. ಮೊದ್ಲು ನೀನೇ ಹಿಂಡಾಗು" ಎಂದರು. ಆ ಪ್ರಕಾರ ನಾನು ತಮ್ಮಲ್ಲಿ ಕುದುರೆಯ ಹುದ್ದೆಗೆ ಅರ್ಜಿ ಹಾಕಿಕೊಂಡೆ, ಕಾಯಂ ಅಲ್ಲದಿದ್ದರೂ ಹಂಗಾಮಿಯಾಗಿ. ಗಾಳಿ ಬಂದಾಗ ತಮ್ಮೊಂದಿಗೆ ಗಾಳಿಗೆ ಬೆನ್ನು ಕೊಟ್ಟು ನಿಂತೆ. ಕುದುರೆಗಳು ಒಂದರ ಹೆಗಲನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವಂತೆ ತಮ್ಮ ಜೂಲಿನ ಬುಡವನ್ನು ಬೆರಳಿನಿಂದ ಕೆರೆದೆ. ತಾವು ಸಂತೋಷಗೊಂಡು, ತುಟಿ ಉದ್ದ ಮಾಡಿ, ಉಪಕಾರಕ್ಕೆ ಪ್ರತ್ಯುಪಕಾರವಾಗಿ ನನ್ನ ಹೆಗಲನ್ನೂ ಕೆರೆದಿರಿ, ಅಂಗಿ ಹರಿಯಿತು, ಚರ್ಮ ಉಳಿಯಿತು, ನಾನು ಬಡ್ತಿ ಸಿಕ್ಕವನಂತೆ ಮನೆಗೆ ಓಡಿ ಇರ್ಮಾಳಿಗೆ ಗಾಯ ತೋರಿಸಿದೆ.

ಆಮೇಲೆ ನಡಿಗೆ ಶುರುವಾಯಿತು. ಹಿಂಡಿನಿಂದ ಸ್ವಲ್ಪ ದೂರ ಹೋಗುವುದು, ತಮ್ಮ ಎಡಗಿವಿ ಬೊದ್ಜಾ ಅವರತ್ತ ತಿರುಗಿದ ಕೂಡಲೇ, ತಮಗೆ ಹೆದರಿಕೆ ಹುಟ್ಟುವ ಮೊದಲೇ, ನಾನಾಗಿಯೇ ಹಿಂದಿರುಗುವುದು. ಮರುದಿನ ಇನ್ನೊಂದು ಚೂರು ದೂರ, ಅಲ್ಲಿ ಒಳ್ಳೆಯ ಹುಲ್ಲು, ಒಂದಿಷ್ಟು ಕೆರೆತ, ಮತ್ತೆ ವಾಪಸು. ವಾಪಸು ಕರೆದೊಯ್ಯುವವನು ಇವನೇ ಎಂದು ಗೊತ್ತಾದ ಮೇಲೆ ಇವನ ಜೊತೆ ಹೋಗಲು ಭಯವೇನೆಂದು ತಮಗೆ ಅನಿಸಲಿ ಎಂಬುದು ನನ್ನ ಉದ್ದೇಶ. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಅಂಚೆಯವಳು ನಿಲ್ಲಿಸಿ, "ಏನ್ ವೆಂಡೆಲಣ್ಣ, ಬೆಳಗಿಂದ ಅಲ್ಲಿಗೂ ಇಲ್ಲಿಗೂ ಅಳೀತಾ ಇದ್ದೀರಿ, ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದಳು. ಕುದುರೆಯ ಧೈರ್ಯ ಬಿದ್ದುಹೋಗಿದೆ ಹುಡುಕುತ್ತಿದ್ದೇನೆ ಎಂದೆ. ಸಂಜೆಯೊಳಗೆ ನನಗೆ ತಲೆ ಕೆಟ್ಟಿದೆಯೆಂಬ ಸುದ್ದಿಯನ್ನು ಆಕೆ ಪ್ರತಿ ಮನೆಗೂ ತಲುಪಿಸಿದ್ದಳು, ಅಂಚೆಚೀಟಿ ಇಲ್ಲದೆ.

ಬೊರೋಕಾ ತೊಟ್ಟಿಯ ಅಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ, "ಅಪ್ಪಾ, ನಡ್ಕೊಂಡೇ ಬಾ. ನಂಗೇನೂ ಬೇಜಾರಿಲ್ಲ" ಎಂದಳು. "ನಂಗಿದೆ" ಎಂದೆ. "ಊರವರು ನಗ್ತಾರೆ ಅಂತಾನಾ?" ಎಂದಳು. ಹೌದೆಂದೆ. ಸುಳ್ಳು. ಚಿಕ್ಕವಳಿದ್ದಾಗ ಶಾಲೆಗೆ, ಹಲ್ಲು ಕೀಳಿಸಲು, ಸಂತೆಗೆ, ಎಲ್ಲಿಗೇ ಆದರೂ ಅವಳ ಮುಂದೆ ಕುದುರೆಯ ಮೇಲೆ ಹೋದವನು ನಾನು. ಇನ್ನು ಒಂದೇ ಒಂದು ದಾರಿ ಬಾಕಿ ಇತ್ತು. ಅದನ್ನು ಕಾಲ್ನಡಿಗೆಯಲ್ಲಿ ಮುಗಿಸಲು ನನಗೆ ಮನಸ್ಸಿರಲಿಲ್ಲ.

ಮಾನ್ಯರೇ, ಇನ್ನು ತಮ್ಮ ಶಿಸ್ತಿನ ವಿಷಯ. ಮರಗಿಡವಿಲ್ಲದ ಈ ಬಯಲಿನಲ್ಲಿ ಅಡಗಲು ಬೇರೆ ದಾರಿಯಿಲ್ಲದ ಕಾಲದಿಂದಲೂ ನಮ್ಮ ಕುದುರೆಗಳು ಚಾವಟಿಯ ಸದ್ದು ಕೇಳಿದ ಕೂಡಲೇ ನೆಲಕ್ಕೆ ಮಲಗುತ್ತವೆ, ಸವಾರ ಅವುಗಳ ಹಿಂದೆ ಮಲಗುತ್ತಾನೆ, ಅವನು ನಾಲಿಗೆ ಲೊಟಕಿಸುವವರೆಗೆ ಆಕಾಶ ಬಿದ್ದರೂ ಏಳುವುದಿಲ್ಲ. ಹಿಂಡಿನೆದುರು ತಾವು ಇದನ್ನು ಲೀಲಾಜಾಲವಾಗಿ ಮಾಡುತ್ತಿದ್ದಿರಿ. ಹಿಂಡು ಕಾಣದ ಕಡೆ ಮಾತ್ರ ಸಾಧ್ಯವೇ ಇಲ್ಲ, ಮಲಗಿದ ಕುದುರೆ ಓಡಲಾರದಲ್ಲ! ಆದರೆ ಮದುವೆಗೆ ಮುಂಚಿನ ವಾರ, ಕಾಲುವೆಯ ಸೇತುವೆಯಾಚೆ, ಬೊದ್ಜಾ ಅವರ ಕತ್ತಿನ ಗಂಟೆಯೂ ಕೇಳಿಸದಷ್ಟು ದೂರದಲ್ಲಿ, ನಾನು ಚಾವಟಿಯನ್ನು ಅಂಜುತ್ತಂಜುತ್ತಾ ಆಡಿಸಿದಾಗ ತಾವು ಒಂದು ಕ್ಷಣ ನನ್ನ ಮುಖ ನೋಡಿ, ನಿಟ್ಟುಸಿರು ಬಿಟ್ಟು, ಮೊಣಕಾಲೂರಿ ಮಲಗಿಯೇಬಿಟ್ಟಿರಿ. ಅಯ್ಯೋ, ನನ್ನ ಬಂಗಾರ! ನಾನು ತಮ್ಮ ಕತ್ತಿನ ಮೇಲೆ ತಲೆಯಿಟ್ಟು ಬಯಲಿಗೆಲ್ಲ ಕೇಳುವಂತೆ ಹಾಡಿದೆ. ಎರಡು ಕೊಕ್ಕರೆಗಳು ಊರು ಬಿಟ್ಟು ಹೋದವು. ತಾವು ಹೋಗಲಿಲ್ಲ.

ಈಗ ಶನಿವಾರಕ್ಕೆ ಬರೋಣ. ತಾವು ಹಿಂಡು ಬಿಟ್ಟು, ಸೇತುವೆ ದಾಟಿ, ನಮ್ಮ ಮನೆಯಂಗಳಕ್ಕೆ ಬಂದಾಗ ಇರ್ಮಾ ಕೂಡ ಸೌಟು ಹಿಡಿದೇ ಹೊರಗೋಡಿ ಬಂದಳು. ಪಿಟೀಲಿನವರು, ತುತ್ತೂರಿಯವರು, ಹಿಂದೆ ಬಿಳಿಯ ಉಡುಪಿನಲ್ಲಿ ಬೊರೋಕಾ, ಮುಂದೆ ಪಟ್ಟಿಯಿಲ್ಲದ ಜೀನಿನ ಮೇಲೆ ನಾನು. ಚರ್ಚಿನ ಗೋಪುರ ಕಾಣಿಸಿತು. ಆಗಲೇ ನಮ್ಮ ಬೀಗರ ಕಡೆಯ ಹುಡುಗರು, ಬೊರೋಕಾ ಇನ್ನು ಹೋಗಿ ಸೇರಬೇಕಾದ ತಿಸಾ ನದಿಯಾಚೆಯ ಗೋಧಿ ಬೆಳೆಯುವ ಜನ, ಕುದುರೆಯವರ ಮನೆತನಕ್ಕೆ ಗೌರವ ತೋರಿಸಬೇಕೆಂದು ಹೊಸ ಚಾವಟಿ ಕೊಂಡು ತಂದಿದ್ದವರು, ಬೀದಿಯ ಎರಡೂ ಬದಿ ನಿಂತು ಒಟ್ಟಿಗೇ ಚಟೀರನೆ ಬಾರಿಸಿದರು.

ತಾವು ಮಲಗಿದಿರಿ. ನಟ್ಟನಡು ಬೀದಿಯಲ್ಲಿ, ಅಚ್ಚುಕಟ್ಟಾಗಿ. ನಿಯಮದಂತೆ ನಾನೂ ಹಿಂದೆ ಮಲಗಿದೆ. ತುತ್ತೂರಿ ಅರ್ಧದಲ್ಲೇ ಗುಳುಗುಳು ಎಂದು ನಿಂತಿತು. ಅಳಿಯನ ತಾಯಿ, "ಅಯ್ಯಯ್ಯೋ, ಕುದುರೆ ಸತ್ತೋಯ್ತು, ಅದ್ರ ಹಿಂದೆ ಬೀಗರೂ ಹೋದ್ರು!" ಎಂದು ಕಿರುಚಿದರು. ಡೆಜೋ ಮಾವ, "ಯಾರೂ ಸತ್ತಿಲ್ಲಮ್ಮ, ಶಿಸ್ತು ಅದು. ನಿಮ್ಮ ಹುಡುಗ್ರಿಗೂ ಸ್ವಲ್ಪ ಕಲಿಸ್ಬೋದಿತ್ತು" ಎಂದರು. ನಾನು ನಾಲಿಗೆ ಲೊಟಕಿಸಿದರೆ ಮುಗಿಯಿತು, ತಾವು ಎದ್ದೇಳುತ್ತಿದ್ದಿರಿ.

ಬೊರೋಕಾ ಬಂದು, ಬಿಳಿಯ ಉಡುಪು ಧೂಳಾಗುವುದನ್ನೂ ಲೆಕ್ಕಿಸದೆ, ತಮ್ಮ ಹೊಟ್ಟೆಗೆ ಒರಗಿ ನೆಲದ ಮೇಲೆ ಕೂತಳು. "ಎಬ್ಬಿಸಪ್ಪಾ" ಎಂದಳು. "ಎಬ್ಬಿಸ್ತೀನಿ" ಎಂದೆ. "ಯಾವಾಗ?" "ಕಾಲು ಜೋಮು ಹಿಡಿದಿರ್ಬೇಕು, ಸ್ವಲ್ಪ ತಡಿ." "ಯಾರ ಕಾಲು?" ಎಂದು ಕೇಳಿದಳು. ನಾನು ತಮ್ಮ ಗೊರಸು ಪರೀಕ್ಷಿಸಿದೆ, ಜೂಲಿನಲ್ಲಿ ಇಲ್ಲದ ಮುಳ್ಳು ಹುಡುಕಿದೆ, ಕುದುರೆಯನ್ನು ಅವಸರಿಸಬಾರದು ಎಂದು ಪಾದ್ರಿಗಳಿಗೆ ಕೂಗಿ ಹೇಳಿದೆ. ಬಾಯೊಳಗೆ ನಾಲಿಗೆ ಗಟ್ಟಿಮುಟ್ಟಾಗಿಯೇ ಇತ್ತು, ಆಡಲಿಲ್ಲ. ಬೊರೋಕಾ ನನ್ನ ಹೆಗಲಿಗೆ ತಲೆ ಕೊಟ್ಟು, "ಒಂದು ನದಿ ಅಷ್ಟೇ ಅಲ್ವೇನಪ್ಪಾ" ಎಂದಳು. ಗೊತ್ತು ಎಂದೆ. ಇಬ್ಬರೂ ಏಳಲಿಲ್ಲ. ಇಡೀ ಊರು ತಮ್ಮನ್ನು ಬಯ್ಯುತ್ತಾ ನಿಂತಿತ್ತು, ನಾನು ಬಯ್ಯಲು ಬಿಟ್ಟೆ.

ಇಲ್ಲಿಗೆ ನನ್ನ ದೂರು. ನನ್ನ ಅಪ್ಪಣೆಯಿಲ್ಲದೆ, ಸಂಜ್ಞೆಯಿಲ್ಲದೆ, ಮೂರು ತಲೆಮಾರಿನ ಶಿಸ್ತನ್ನು ಮುರಿದು ತಾವು ತಾವಾಗಿಯೇ ಎದ್ದಿರಿ. ಮೈ ಕೊಡವಿ ಧೂಳನ್ನೆಲ್ಲ ಬೀಗರ ಮೇಲೆ ಹಾರಿಸಿದಿರಿ. ಜೂಲು ಹಿಡಿದಿದ್ದ ನನ್ನ ಮಗಳೂ ತಮ್ಮೊಂದಿಗೇ ಎದ್ದಳು, ಅವಳನ್ನು ಪಕ್ಕದಲ್ಲಿ ನಡೆಸಿಕೊಂಡು ತಾವು ಚರ್ಚಿನ ಬಾಗಿಲಿಗೆ ಹೋದಿರಿ. ನಾನು ಮಣ್ಣಿನಲ್ಲೇ ಕೂತಿದ್ದೆ. ಅಲ್ಲಿ ನಿಂತು ತಾವು ಕತ್ತು ತಿರುಗಿಸಿ, ನನ್ನನ್ನು ನೋಡಿ, ಬೊದ್ಜಾ ಅವರನ್ನು ಬಿಟ್ಟು ಲೋಕದಲ್ಲಿ ಇನ್ನಾರನ್ನೂ ಕರೆಯದ ಆ ಕೂಗನ್ನು, ಗಂಟಲು ಹರಿಯುವಂತೆ ಕೂಗಿದಿರಿ. ಹಾಗೆ ಕರೆದರೆ ಮನುಷ್ಯ ಕೂತಿರುವುದು ಹೇಗೆ? ಎದ್ದೆ. ಓಡಿದೆ. ಒಂದು ಕೈ ತಮ್ಮ ಕತ್ತಿನ ಮೇಲೆ, ಇನ್ನೊಂದು ಕೈಯಲ್ಲಿ ಮಗಳ ಕೈ, ಅದನ್ನು ಅಳಿಯನಿಗೆ ಕೊಟ್ಟೆ. ಕೊಡುವಾಗ ನಾನು ಮಾಡಿದ ಸದ್ದು ಕೆನೆತವೆಂದು ಊರವರು ಹೇಳುತ್ತಿದ್ದಾರೆ, ಅದು ತಮ್ಮದೇ ಎಂದು ಹೇಳಿಕೊಂಡು ತಿರುಗುತ್ತಿದ್ದೇನೆ, ದಯವಿಟ್ಟು ಅಲ್ಲಗಳೆಯಬಾರದು.

ಆದ್ದರಿಂದ ತಾವು ಮಾಡಿದ ಈ ಶಿಸ್ತುಭಂಗಕ್ಕೆ ಪರಿಹಾರವಾಗಿ, ತಿಸಾ ನದಿಯ ಆಚೆ ದಡವನ್ನು ತಮ್ಮ ಹಿಂಡಿನ ನೆರವಿನಿಂದ ನೂಕಿ ಈಚೆಗೆ ತರಿಸಿಕೊಡಬೇಕು, ಆಗದಿದ್ದಲ್ಲಿ ಅಳಿಯನನ್ನಾದರೂ ಕುದುರೆಯಾಗಿ ನೇಮಿಸಿಕೊಂಡು ನಮ್ಮ ಬಯಲಿಗೆ ವರ್ಗ ಮಾಡಿಸಬೇಕು ಎಂದು ಟೊಪ್ಪಿ ತೆಗೆದು, ಈಗ ಗರಿಯಿಲ್ಲದ ಟೊಪ್ಪಿಯನ್ನೇ ತೆಗೆದು, ಬೇಡಿಕೊಳ್ಳುತ್ತೇನೆ.

ಜೀನಿಗೆ ಇಂದಿಗೂ ಪಟ್ಟಿ ಕಟ್ಟದ, ತಮ್ಮ ವಿಶ್ವಾಸಿ,
ಬೊಡ್ನಾರ್ ವೆಂಡೆಲ್
ಕುದುರೆ (ಹಂಗಾಮಿ)

ವಿ.ಸೂ.: ಬರುವ ಭಾನುವಾರ ಮಗಳ ಮನೆಗೆ ಊಟಕ್ಕೆ ಕರೆದಿದ್ದಾರೆ, ನದಿ ದಾಟಿಸುವ ತೆಪ್ಪದಲ್ಲಿ ಕುದುರೆಗೂ ಜಾಗವಿದೆಯಂತೆ. ಬರಲು ಇಷ್ಟವಿಲ್ಲದಿದ್ದರೆ ಬಲವಂತವಿಲ್ಲ. ಆದರೆ ನನ್ನನ್ನು ಕಳಿಸಿ ದಡದಲ್ಲಿ ನಿಂತು ಗೋಳಾಡಬೇಡಿ, ಆ ಕೆಲಸಕ್ಕೆ ಒಂದು ಮನೆಗೆ ಒಬ್ಬರು ಸಾಕು, ಒಬ್ಬರು ಈಗಾಗಲೇ ಇದ್ದಾರೆ ಎಂದು ಇರ್ಮಾ ಹೇಳುತ್ತಾಳೆ.