ರೊಟ್ಟಿ ಕಲಿತ ಮೇಲಿನ ಕಷ್ಟ

ಕಲಿತದ್ದನ್ನು ಮರೆಯದಿರುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ಅದೇ ನನ್ನ ಹೊಟ್ಟೆಪಾಡು. ಹಾವೇರಿಯ ಕಾಲೇಜೊಂದರಲ್ಲಿ, ಮುಂದೆ ಮಾಸ್ತರರಾಗುವವರಿಗೆ ಕಲಿಕೆಯ ಮನಶ್ಶಾಸ್ತ್ರ ಹೇಳಿಕೊಡುತ್ತೇನೆ. ಬರೀ ನೋಡಿದರೆ ತಲೆಗೆ ಹತ್ತುವುದಿಲ್ಲ, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ, ತಪ್ಪಿದರೆ ತಪ್ಪಲಿ, ದಿನ ಬಿಟ್ಟು ಮತ್ತೆ ಮಾಡಿ ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. ಆದರೆ ನನಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹೆಂಡತಿ ಅಷ್ಟು ವರ್ಷ ನನ್ನ ಕಣ್ಣೆದುರಿಗೇ ಬಡಿದಳು. ನಾನು ನೋಡಿದ್ದು ತಾಟನ್ನು ಮಾತ್ರ. ಹೋದ ವರ್ಷ ಅವಳು ತೀರಿಕೊಂಡಳು. ರಾಣೆಬೆನ್ನೂರಿನ ಮನೆಯಲ್ಲಿ ಈಗ ನಾನೊಬ್ಬನೇ. ಸಂಜೆ ಬಾಗಿಲು ತೆಗೆದರೆ ಫ್ರಿಜ್ಜಿನ ಸದ್ದೊಂದೇ ಕೇಳುತ್ತದೆ.

ಪಕ್ಕದ ಮನೆಯ ಶಾಂತಕ್ಕ ಬೀಜದ ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಒಂದು ಸಂಜೆ ನನ್ನ ಊಟ ನೋಡಿ ಸಿಟ್ಟಾದರು. “ಏನ್ರಿ ಸರ, ಜಡ್ಡಾದವ್ರಂಗ ಬ್ರೆಡ್ ತಿನ್ನಾಕತ್ತೀರಲ್ಲ! ಏಳ್ರಿ ಮ್ಯಾಲೆ, ನಾ ರೊಟ್ಟಿ ಬಡಿಯೂದು ಕಲಿಸ್ತೇನಿ.” ಅಂದಿನಿಂದ ದಿನಾ ತಮ್ಮ ಅತ್ತೆಯನ್ನೂ ಕರೆದುಕೊಂಡು ಬರತೊಡಗಿದರು. ಅತ್ತೆಯವರು ಸ್ಟೂಲಿನ ಮೇಲೆ ಕೂತು, “ಇದು ನಮ್ಮ ಜಿಲ್ಲಾದ ನಕಾಶಿ ಆತು ನೋಡ್ರಿ,” ಎಂದು ನನ್ನ ರೊಟ್ಟಿಯನ್ನು ಆಡಿಕೊಳ್ಳುತ್ತಿದ್ದರು. ನಾನು ನಗುತ್ತ ಮೂವರಿಗೂ ಚಹಾ ಮಾಡುತ್ತಿದ್ದೆ. ಮನೆಯಲ್ಲಿ ಮಾತು ಕೇಳಿ ಎಷ್ಟು ಕಾಲವಾಗಿತ್ತು! ಕಲಿಯುವುದರಲ್ಲಂತೂ ನಾನು ಆದರ್ಶ ವಿದ್ಯಾರ್ಥಿ. ಹಾವೇರಿಯ ರೈಲಿನಲ್ಲಿ ಕಣ್ಣು ಮುಚ್ಚಿ, ಹಿಂದಿನ ದಿನದ ಪಾಠ ನೆನಪಿಸಿಕೊಂಡು ತೊಡೆಯ ಮೇಲೆ ಪಟಪಟ ಬಡಿಯುತ್ತಿದ್ದೆ. ಬ್ಯಾಡಗಿ ಬರುವಷ್ಟರಲ್ಲಿ ಪಕ್ಕದವರು ಎದ್ದು ಬೇರೆ ಸೀಟು ಹುಡುಕಿಕೊಳ್ಳುತ್ತಿದ್ದರು.

ಕಡೆಗೊಂದು ಸಂಜೆ ನನ್ನ ರೊಟ್ಟಿ ದುಂಡಗೆ ಬಂದು ಹಂಚಿನ ಮೇಲೆ ಉಬ್ಬಿಯೇ ಬಿಟ್ಟಿತು. “ಪಾಸಾದ್ರಿ ಸರ! ಇನ್ನ ನಮ್ಮ ಕೆಲಸ ಮುಗೀತು,” ಎಂದು ಶಾಂತಕ್ಕ ಕೈ ತೊಳೆದುಕೊಂಡು ಹೋದರು. ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ದುಂಡನೆಯ ರೊಟ್ಟಿ ಮುಂದಿಟ್ಟುಕೊಂಡು ಒಬ್ಬನೇ ಕೂತರೆ ಮತ್ತೆ ಅದೇ ಫ್ರಿಜ್ಜಿನ ಸದ್ದು. ಕರೆದರೆ ಬಂದಾರು, ಆದರೆ ಒಬ್ಬನಿಗೇ ಬೇಸರ, ಬನ್ನಿ ಎಂದು ಯಾವ ಮುಖ ಹೊತ್ತು ಕರೆಯುವುದು? ಮರೆತೆ ಎಂದರೆ ಮರ್ಯಾದೆ ಉಳಿಯುತ್ತದೆ. ಬೇಕೆಂದೇ ಕೆಟ್ಟದಾಗಿ ಬಡಿಯಲು ಹೋದೆ. ಹಾಳಾದ ಕೈ ಕೇಳಬೇಕಲ್ಲ! ನಾನು ಪಾಠ ಹೇಳುವ ವಿಧಾನ ಇಷ್ಟು ಖರೇ ಇರುತ್ತದೆಂದು ನನಗೇ ಗೊತ್ತಿರಲಿಲ್ಲ. ಕೊನೆಗೆ ಬೆಂದ ರೊಟ್ಟಿಯನ್ನೇ ಅಲ್ಲಲ್ಲಿ ಹರಿದು, ತಾಟಿನಲ್ಲಿಟ್ಟುಕೊಂಡು ಅವರ ಬಾಗಿಲಿಗೆ ಹೋದೆ.

“ಎಲ್ಲಾ ಮರತು ಹೋತ್ರಿ ಶಾಂತಕ್ಕ. ಬಡಿಯೂದ್ರಾಗ ಹರದು ಹೊಂಟೈತಿ.”

ಶಾಂತಕ್ಕ ರೊಟ್ಟಿಯನ್ನು ತಿರುವಿ ತಿರುವಿ ನೋಡಿದರು. “ಸರ, ಬಡಿಯೂದ್ರಾಗ ಹರದಿದ್ರ ಹರದ ಅಂಚೂ ಬೆಂದಿರತಿತ್ತಲ್ರಿ. ಇದು ಬೆಂದಮ್ಯಾಲೆ ಹರದದ್ದು.”

ಪರೀಕ್ಷೆಯಲ್ಲಿ ಚೀಟಿ ತಂದ ಎಷ್ಟೋ ಮಂದಿಯನ್ನು ಹಿಡಿದು ನಿಲ್ಲಿಸಿದವನು ನಾನು. ತಾಟು ಹಿಡಿದು ತಲೆ ತಗ್ಗಿಸಿದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಒಳಗೆ ತಿರುಗಿ ಕೂಗಿದರು: “ಅತ್ತೀ, ಸರ ಫೇಲಾಗ್ಯಾರ್ರಿ! ನಾಳಿಂದ ಮತ್ತ ಹೋಗೂಣು.”

ಜನ್ಮದಲ್ಲಿ ಒಮ್ಮೆಯೂ ಫೇಲಾಗದವನು ಅಂದು ಫೇಲಾಗಿ, ಕಣ್ಣೊರೆಸಿಕೊಳ್ಳುತ್ತ, ನಾಳಿನ ಚಹಾಕ್ಕೆ ಹಾಲು ತರಲು ಅಂಗಡಿಗೆ ಓಡಿದೆ.