ಗಾಳಿಯಾಡದ ಡಬ್ಬ

ಶನಿವಾರ ಬೆಳಿಗ್ಗೆ ಎಂಟೂವರೆಗೆ ವೃಂದಾಳ ಗಾಜಿನ ಜಾಡಿಯ ಮುಚ್ಚಳಕ್ಕಿದ್ದ ರಬ್ಬರ್ ಬಳೆ ಹರಿಯಿತು. ಹರಿದದ್ದು ಒಂದು ಬಳೆ. ಅವಳು ಕುರ್ಚಿ ಹಿಡಿದು ಕೂತ ರೀತಿ ನೋಡಿದರೆ ರೈಲ್ವೆ ಸೇತುವೆ ಮುರಿದಿರಬೇಕು ಅನ್ನಿಸುತ್ತಿತ್ತು.

ಜಾಡಿಯಲ್ಲಿದ್ದದ್ದು ಅರ್ಧ ಕಿಲೋ ಹುರಿದ ಕಾಫಿಬೀಜ. ಹಿಂದಿನ ಸಂಜೆ ಅಂಗಡಿಯಲ್ಲಿ ಎದುರು ನಿಂತು ಹುರಿಸಿ ತಂದಿದ್ದಳು. "ಪೌಡರ್ ಪಣ್ಣಿಡಲಾಮಾ ಮೇಡಂ?" ಎಂದು, ಪುಡಿ ಮಾಡಿಬಿಡಲೇ ಅಂತ ತಮಿಳಿನಲ್ಲಿ ಕೇಳಿದ ಅಂಗಡಿಯವನಿಗೆ, ಮಗುವಿನ ಕೂದಲು ಬೋಳಿಸಲೇ ಎಂದು ಕೇಳಿದಷ್ಟು ಬೆಚ್ಚಿ, "ಬೇಡ ಬೇಡ" ಎಂದಿದ್ದಳು. ಒಬ್ಬಳೇ ಇರುವವಳಿಗೆ ನೂರು ಗ್ರಾಂ ಪುಡಿ ಎರಡು ವಾರ ಬರುತ್ತದೆ. ಆದರೆ ಈ ಅರ್ಧ ಕಿಲೋ ಅವಳಿಗಾಗಿ ತಂದದ್ದಲ್ಲ. ಸಂಜೆ ಐದಕ್ಕೆ ಜಲಜಾಕ್ಷಿ ಬರುವವಳಿದ್ದಳು.

ಇನ್ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಇಬ್ಬರದೂ ಅಕ್ಕಪಕ್ಕದ ಮೇಜು. ಜಲಜಾಕ್ಷಿ ಉಡುಪಿ ಕಡೆಯವಳು. ಅವಳ ಅಪ್ಪ ಮೈಲಾಪುರದಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲು ನಡೆಸಿದವರು. ರಿಟೈರಾದ ಮೇಲೆ ಅವಳು ಕ್ರೋಂಪೇಟೆಯಲ್ಲಿ ತಂಗಿಯ ಮಗಳು ಅಶ್ವಿತಾಳ ಮನೆಯ ಹಾಲಿನಲ್ಲಿ, ಟಿವಿಗೂ ಮಕ್ಕಳ ಸೈಕಲ್ಲಿಗೂ ನಡುವೆ ಮಲಗುತ್ತಿದ್ದಳು. ಈಗ ಒಂದು ಕೋಣೆ ಹುಡುಕುತ್ತಿದ್ದಳು. ವೃಂದಾಳ ಮನೆಯಲ್ಲಿ ಒಂದು ಕೋಣೆ ಹನ್ನೊಂದು ತಿಂಗಳಿಂದ ಸುಮ್ಮನೆ ಕೂತಿತ್ತು.

"ಬಂದು ನೋಡ್ತೇನೆ ಮಾರಾಯ್ತಿ," ಎಂದಿದ್ದಳು ಫೋನಿನಲ್ಲಿ. "ರೂಮ್ ಹೇಗಿದ್ರೂ ಆಗ್ತದೆ. ಕಾಫಿ ಮಾತ್ರ ಸರಿ ಇರ್ಬೇಕು. ಈ ಊರಲ್ಲಿ ಬೀಜ ಹುರಿಲಿಕ್ಕೆ ಎಲ್ರಿಗೂ ಬರ್ತದೆ, ಇಡ್ಲಿಕ್ಕೆ ಯಾರಿಗೂ ಬರುದಿಲ್ಲ."

ತಮಾಷೆಗೆ ಹೇಳಿದ ಮಾತು ಅದು. ವೃಂದಾಳಿಗೆ ತಮಾಷೆಯ ಮಾತೇ ರಾತ್ರಿಯೆಲ್ಲ ಹೆಚ್ಚು ಕಾಡುತ್ತಿತ್ತು. ಅವಳು ಎಲ್ಲ ಓದಿಕೊಂಡಿದ್ದಳು: ಹುರಿದ ಬೀಜಕ್ಕೆ ಗಾಳಿ, ಬೆಳಕು, ತೇವ, ಸೆಖೆ ಆಗುವುದಿಲ್ಲ. ಚೆನ್ನೈಯಲ್ಲಿ ಈ ನಾಲ್ಕೂ ಪ್ರತಿ ಮನೆಯ ಕಾಯಂ ಸದಸ್ಯರು. ಬಳೆ ಹರಿದ ಕೂಡಲೇ ಫೋನಿನಲ್ಲಿ ಒಂದು ಗಾಳಿಯಾಡದ ಸ್ಟೀಲ್ ಡಬ್ಬ ಆರ್ಡರ್ ಮಾಡಿದಳು. ಸಂಜೆ ನಾಲ್ಕಕ್ಕೆ ತಲುಪುತ್ತದೆ ಎಂದು ಉತ್ತರ ಬಂತು. ಅಲ್ಲಿಯವರೆಗೆ?

ಅಲ್ಲಿಯವರೆಗೆ ಎಂದು ಅವಳು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬರೆದಳು: "ಕಾಫಿಬೀಜ ಇಡಲು ಗಾಳಿಯಾಡದ ಡಬ್ಬ ಯಾರ ಬಳಿಯಾದರೂ ಇದೆಯೇ? ಸಂಜೆಗೆ ಮರಳಿಸುತ್ತೇನೆ."

ಜೂನ್‌ನಲ್ಲಿ ನಾಲ್ಕು ದಿನ ಜ್ವರ ಬಂದಾಗ ಅದೇ ಗುಂಪಿನಲ್ಲಿ "ಯಾರಾದರೂ ಒಂದು ಮಾತ್ರೆ ತಂದುಕೊಡುತ್ತೀರಾ" ಎಂದು ಬರೆದಿದ್ದಳು. ಒಂದು ಹೆಬ್ಬೆರಳಿನ ಚಿತ್ರ ಬಂದಿತ್ತು. ಈಗ ಹತ್ತು ನಿಮಿಷದಲ್ಲಿ ಇಪ್ಪತ್ತಮೂರು ಉತ್ತರ.

ಮೊದಲು ಬಂದವಳು ಎದುರುಮನೆಯ ನಾಗಮಣಿ. ಅವಳ ಮನೆಯವರು ಮೂರು ತಲೆಮಾರಿನಿಂದ ಚೆನ್ನೈಯಲ್ಲೇ ಇದ್ದವರು; ಅವಳ ಕನ್ನಡದಲ್ಲಿ 'ಏನು' ಹೋಗಿ ತಮಿಳಿನ 'ಎನ್ನ' ಬಂದು ಕೂತಿತ್ತು.

"ಎನ್ನ ವೃಂದಾ ಇದು! ಇಷ್ಟಕ್ಕೆ ಹೋಗಿ ಗುಂಪಲ್ಲಿ ಹಾಕ್ತಾರಾ? ಎದುರುಮನೆ ಯಾತಕ್ಕಿದೆ? ತಗೋ, ನಮ್ಮತ್ತೆ ಕಾಲದ ಡಬ್ಬ. ಹದಿನೈದು ವರ್ಷ ಗಟ್ಟಿ ಇಂಗು ಇಟ್ಟಿದ್ದೆ. ಮೂರು ಸಲ ತೊಳೆದಿದ್ದೀನಿ ಮ್ಮಾ, ವಾಸನೆಯೇ ಇಲ್ಲ."

ಅವಳು ಹೋದ ಮೇಲೆ ವೃಂದಾ ಮುಚ್ಚಳ ತೆಗೆದಳು. ಹದಿನೈದು ವರ್ಷದ ರಸಂ ಎದ್ದು ಬಂದು ಕೈಕುಲುಕಿತು. ಬೀಜದ ಜಾಡಿಯನ್ನು ಆಚೆ ಕೋಣೆಯವರೆಗೆ ಹೊತ್ತುಕೊಂಡು ಓಡಿದಳು.

ಡಬ್ಬ ವಾಪಸ್ ಕೊಡಬೇಕು. ಆದರೆ ಖಾಲಿ ಕೊಡುವಂತಿಲ್ಲ. ಈ ಮನೆಗೆ ಬಂದ ಮೊದಲ ವಾರ ನಾಗಮಣಿ ಕಳಿಸಿದ್ದ ಪಾಯಸದ ಬಟ್ಟಲನ್ನು ವೃಂದಾ ಬೆಳ್ಳಿಯ ಹಾಗೆ ಉಜ್ಜಿ, ಖಾಲಿ ಕೊಟ್ಟಿದ್ದಳು. "ನಮ್ಮ ಕಡೆ ಪಾತ್ರೆ ಖಾಲಿ ಮರಳಿಸಲ್ಲ" ಎಂದು ನಾಗಮಣಿ ಮೆಲ್ಲಗೆ ಹೇಳಿ, ಮೂರು ತಿಂಗಳು ಮಾತಾಡಿರಲಿಲ್ಲ. ಇಡೀ ಮಹಡಿಯಲ್ಲಿ ಮಾತಾಡಲು ಇದ್ದವಳು ಅವಳೊಬ್ಬಳೇ.

ಸಕ್ಕರೆ ಹಾಕೋಣವೆಂದರೆ ನಾಗಮಣಿಯ ಗಂಡ ಜಯರಾಮ ಅವರಿಗೆ ಸಕ್ಕರೆ ಕಾಯಿಲೆ. ಬಾಳೆಹಣ್ಣು ಎರಡೇ ಇದ್ದವು, ಅವು ಜಲಜಾಕ್ಷಿಗೆ. ಕೊನೆಗೆ ಒಂದು ಹಿಡಿ ಬೀಜ ಹಾಕಿ, "ಡಬ್ಬ ಸ್ವಲ್ಪ ಚಿಕ್ಕದಾಯ್ತು ನಾಗಮಣಿ" ಎಂದು ಕೊಟ್ಟು ಬಂದಳು. ಐದು ನಿಮಿಷದಲ್ಲಿ ಗುಂಪಿನಲ್ಲಿ ಫೋಟೋ: "ವೃಂದಾ ಕೊಟ್ಟ ತಾಜಾ ಬೀಜ! ಎನ್ನ ಪರಿಮಳ!"

ಇನ್ನು ಉಳಿದವರ ಡಬ್ಬಕ್ಕೆ ಸಕ್ಕರೆಯೋ ಅವಲಕ್ಕಿಯೋ ಹಾಕಿಕೊಟ್ಟರೆ ಅವಮಾನ ಮಾಡಿದಂತಾಗುತ್ತಿತ್ತು.

ಎರಡನೆಯವರು ಕೆಳಮನೆಯ ರವಿಕಿರಣ್, ಮಣಲಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ದೊಡ್ಡ ಪ್ಲಾಸ್ಟಿಕ್ ಡಬ್ಬದೊಂದಿಗೆ ಬಂದು ಮೊದಲು ಅಡುಗೆಮನೆಯ ಕಿಟಕಿ ತೆರೆದರು.

"ಮೇಡಂ, ಇಪ್ಪತ್ತು ವರ್ಷ ಗ್ಯಾಸ್ ಜೊತೆ ಬದುಕಿದೀನಿ. ಹುರಿದ ಬೀಜ ಎರಡು ದಿನ ಗ್ಯಾಸ್ ಬಿಡುತ್ತೆ. ಟೈಟಾಗಿ ಮುಚ್ಚಿದಿರೋ, ಡಮಾರ್!"

"ಹಾಗಾದ್ರೆ ಮುಚ್ಚಬಾರದಾ?"

"ಮುಚ್ಚಬೇಕು. ಆದ್ರೆ ಮುಚ್ಚಿದ್ದು ಬೀಜಕ್ಕೆ ಗೊತ್ತಾಗಬಾರದು."

ಹೀಗೆಂದು ದಬ್ಬಳವನ್ನು ಒಲೆಯಲ್ಲಿ ಕಾಯಿಸಿ ಗಾಳಿಯಾಡದ ಡಬ್ಬದ ಮುಚ್ಚಳಕ್ಕೆ ಆರು ತೂತು ಕೊರೆದರು. ಈಗ ಅದು ಟಾಲ್ಕಂ ಪೌಡರಿನ ಡಬ್ಬದಂತಾಯಿತು. ಮೇಲಾಗಿ ಒಳಗೆ ಅವರ ಊಟದ ಬೆಳ್ಳುಳ್ಳಿ ತೊಕ್ಕಿನ ನೆನಪು ಇನ್ನೂ ಹಸಿಯಾಗಿತ್ತು. ವೃಂದಾ ಹನ್ನೊಂದಕ್ಕೆ ಅದನ್ನೂ ಮರಳಿಸಿದಳು. ಡಬ್ಬ ದೊಡ್ಡದು, ಒಂದು ಹಿಡಿಗೆ ತಳ ಕಾಣುತ್ತಿತ್ತು. ಮೂರು ಹಿಡಿ ಹಾಕಿದಳು.

ಮೂರನೆಯವರು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರಾದ ಮುರಳೀಧರ. ಅವರು ಕೇಳುವ ಜನವಲ್ಲ, ಮಾಡುವ ಜನ. ತಾವು ತಂದ ಗಾಜಿನ ಡಬ್ಬಕ್ಕೆ ಉಳಿದ ಬೀಜವನ್ನೆಲ್ಲ ತಾವೇ ಸುರಿದು, ಅವಳ ಫ್ರೀಜರ್‌ನಲ್ಲಿ ಐಸ್ ಟ್ರೇಯನ್ನು ಪಕ್ಕಕ್ಕೆ ತಳ್ಳಿ ಇಟ್ಟು, "ಮುಟ್ಟಬೇಡಿ. ಎರಡು ಗಂಟೆಗೆ ಬಂದು ನೋಡ್ತೀನಿ" ಎಂದು ಹೋದರು.

ಆ ಮಧ್ಯೆ ವೃಂದಾ ಹಿಂದಿನ ಖಾಲಿ ಕೋಣೆಯ ದಿಂಬುಗಳಿಗೆ ಹೊಸ ಚೀಲ ಹಾಕಿದಳು. ಮಂಚದ ಮೇಲೆ ಎರಡು ದಿಂಬು ಇಟ್ಟಳು. ಅತಿಯಾಯಿತೇನೋ ಎಂದು ಒಂದನ್ನು ತೆಗೆದಳು. ಮತ್ತೆ ಇಟ್ಟಳು. ಊಟಕ್ಕೆ ಕೂತಾಗ, ಬೆಳಗಿನಿಂದ ತಾನು ಎಷ್ಟು ಜನರೊಂದಿಗೆ ಮಾತಾಡಿದೆ ಎಂದು ಲೆಕ್ಕ ಹಾಕಿ ಅವಳಿಗೇ ಆಶ್ಚರ್ಯವಾಯಿತು. ಎಲ್ಲರೂ ಬೀಜದ ಬಗ್ಗೆಯೇ ಮಾತಾಡಿದ್ದರು, ನಿಜ.

ಎರಡು ಗಂಟೆಗೆ ಮುರಳೀಧರ ಬಂದು ಡಬ್ಬ ಹೊರತೆಗೆದು ಮುಚ್ಚಳ ತಿರುಗಿಸಿದರು. ಚೆನ್ನೈಯ ಗಾಳಿ ಸೋಕಿದ್ದೇ ತಡ, ಬೀಜಗಳೆಲ್ಲ ಮೇ ತಿಂಗಳ ಬಸ್ಸಿನ ಪ್ರಯಾಣಿಕರಂತೆ ಬೆವೆತವು.

"ಅಯ್ಯೋ, ಒದ್ದೆ ಆಯ್ತಲ್ಲ ಸಾರ್!"

"ಗಾಬರಿ ಬೇಡ. ನಮ್ಮನೇಲಿ ಓವನ್ ಇದೆ. ಐದೇ ನಿಮಿಷ, ಗರಿಗರಿ ಮಾಡಿ ತಂದುಬಿಡ್ತೀನಿ." ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದರು.

ಐದು ನಿಮಿಷ ಒಂದು ಗಂಟೆಯಾಯಿತು. ಮೂರೂಕಾಲಿಗೆ ಗುಂಪಿನಲ್ಲಿ ಅವರ ಹೆಂಡತಿ ಸಣ್ಣಮ್ಮನ ಸಂದೇಶ ಬಂತು. "ನಮ್ಮ ಡಬ್ಬ ತುಂಬಿಸಿ ವಾಪಸ್ ಕೊಟ್ಟ ವೃಂದಾ ಮೇಡಂಗೆ ಥ್ಯಾಂಕ್ಸ್! ಇಷ್ಟು ದೊಡ್ಡ ಮನಸ್ಸು ಯಾರಿಗಿದೆ? ಒಣಗಿಸಿ ಎಲ್ಲ ಪುಡಿ ಮಾಡಿಬಿಟ್ಟೆ. ಅರ್ಧ ತಾಂಬರಂನ ನಮ್ಮ ತಂಗಿಗೆ ಕಳಿಸಿದೆ." ಕೆಳಗೆ ಹತ್ತೊಂಬತ್ತು ಚಪ್ಪಾಳೆ.

ವೃಂದಾಳ ಫೋನು ಮೊಳಗಿತು. "ಮೇಡಂ," ಎಂದರು ಮುರಳೀಧರ ಪಿಸುದನಿಯಲ್ಲಿ, "ನಾನು ಡಬ್ಬ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದೆ ಅಷ್ಟೆ. ಡಬ್ಬ ನಮ್ಮದು, ಒಳಗೆ ಬೀಜ ಇತ್ತು. ಪದ್ಧತಿ ಪ್ರಕಾರ ವಾಪಸ್ ಬಂದಿದೆ ಅಂದ್ಕೊಂಡ್ಳು. ಈಗ ಹೇಳಿದ್ರೆ ನನ್ನನ್ನ ಓವನ್ನಿಗೆ ಹಾಕ್ತಾಳೆ."

ವೃಂದಾ ಗುಂಪಿನಲ್ಲಿ ಒಂದು ಉದ್ದದ ವಾಕ್ಯ ಬರೆದಳು. "ವಾಸ್ತವವಾಗಿ" ಎಂಬ ಪದ ಒರಟಾಯಿತು ಅನ್ನಿಸಿತು, ತೆಗೆದಳು. "ದಯವಿಟ್ಟು ತಪ್ಪು ತಿಳಿಯಬೇಡಿ" ಸೇರಿಸಿದಳು. ಅದನ್ನು ಓದಿದರೆ ಖಂಡಿತ ತಪ್ಪು ತಿಳಿಯುತ್ತಾರೆ ಅನ್ನಿಸಿತು. ಎಲ್ಲ ಅಳಿಸಿ, ಮುಗಿದ ಕೈಗಳ ಚಿತ್ರ ಕಳಿಸಿದಳು.

ನಾಲ್ಕಕ್ಕೆ ಸರಿಯಾಗಿ ಹೊಸ ಡಬ್ಬ ಬಂತು. ಏನು ಚೆಂದದ ಡಬ್ಬ! ಮುಚ್ಚಳದ ಕೊಂಡಿ ಒತ್ತಿದರೆ "ಟಪ್" ಎಂದು ಬಾಯಿ ಬಿಗಿಯುತ್ತಿತ್ತು. ಗಾಳಿಯಿಲ್ಲ, ಬೆಳಕಿಲ್ಲ, ತೇವವಿಲ್ಲ. ಬೀಜವೂ ಇಲ್ಲ.

ಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ. ವೃಂದಾ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಓಡಿದಳು. ಅಲ್ಲಿ ಹುರಿಯುವ ಯಂತ್ರದ ಬೆಲ್ಟು ಕಿತ್ತುಹೋಗಿತ್ತು. "ಬೀನ್ಸ್ ನಾಳೈಕ್ಕು ದಾನ್ ಮೇಡಂ. ಪೌಡರ್ ಇರುಕ್ಕು, ಚಿಕೋರಿ ಕಲಂದದು." ಬೀಜ ನಾಳೆಗೇ ಅಂತೆ, ಇವತ್ತಿಗೆ ಚಿಕೋರಿ ಬೆರೆಸಿದ ಪುಡಿ. ಚಿಕೋರಿ! ಜಲಜಾಕ್ಷಿ ಚಿಕೋರಿ ಹಾಕಿದ ಕಾಫಿಯನ್ನು ಆಫೀಸಿನ ಹೂಕುಂಡಕ್ಕೆ ಸುರಿದಿದ್ದಳು, ಗಿಡವೂ ಸತ್ತಿತ್ತು. ಇನ್ನೊಂದು ಅಂಗಡಿಗೆ ಹೋದಳು, ಅಲ್ಲಿ ಬಾಗಿಲು ಹಾಕಿತ್ತು. ಬೆವರಿ, ಬರಿಗೈಯಲ್ಲಿ ಮರಳಿ ಲಿಫ್ಟಿನಿಂದ ಇಳಿದಾಗ ಐದೂಕಾಲು.

ಅವಳ ಬಾಗಿಲ ಮುಂದೆ ಯಾರೂ ಇರಲಿಲ್ಲ. ಎದುರು ಬಾಗಿಲ ಮುಂದೆ ಅಗಲ ಪಟ್ಟಿಯ ಕಂದು ಚಪ್ಪಲಿ ಇತ್ತು. ಇಪ್ಪತ್ತೆರಡು ವರ್ಷ ಪಕ್ಕದ ಮೇಜಿನ ಕೆಳಗೆ ಕಂಡ ಅಳತೆ ಅದು. ಒಳಗಿನಿಂದ ಕಾಫಿಯ ಘಮ, ಅದರ ಬೆನ್ನಿಗೇ ನಗು.

"ಬಾ ಬಾ ಮಾರಾಯ್ತಿ!" ಸೋಫಾದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು ಜಲಜಾಕ್ಷಿ. "ಲಿಫ್ಟಿಂದ ಇಳಿದವಳು ಪರಿಮಳ ಹಿಡಿದು ಸೀದ ಈ ಬಾಗಿಲು ಬಡಿದೆ. ಇಂಥ ಕಾಫಿ ಇರುದು ನಿನ್ನ ಮನೆಯೇ ಅಂತ ನೆನೆಸಿದೆ ನೋಡು. ಎಂಥ ಕಾಫಿ! ಎರಡು ಲೋಟ ಆಯ್ತು."

"ಅದು... ಅದು ನಾನು ತಂದ ಬೀಜ," ಎಂದಳು ವೃಂದಾ.

"ಬೀಜ ಅವಳದೇ," ಎಂದು ನಾಗಮಣಿ ಧಾರಾಳವಾಗಿ ಒಪ್ಪಿದಳು. "ಆದ್ರೆ ಇಟ್ಟಿದ್ದು ನಾನು. ಬೆಳಗ್ಗಿಂದ ಅದೇ ಇಂಗಿನ ಡಬ್ಬದಲ್ಲೇ ಇತ್ತು ಮ್ಮಾ."

"ಅದೇ! ಅದೇ!" ಜಲಜಾಕ್ಷಿಯ ಕಣ್ಣು ಒದ್ದೆಯಾಯಿತು. "ಅಪ್ಪನ ಹೋಟ್ಲಲ್ಲಿ ಕಾಫಿ ಡಬ್ಬ ಇಂಗಿನ ಡಬ್ಬದ ಒತ್ತಿಗೇ ಇರ್ತಿತ್ತು. ಆ ರುಚಿ ಎಲ್ಲಿ ಹೋಯ್ತು ಅಂತ ಮೂವತ್ತು ವರ್ಷ ಹುಡುಕಿದೆ ನಾನು."

ವೃಂದಾ ನಾಗಮಣಿಯ ಕಪಾಟಿನ ಮೇಲೆ ಕೂತಿದ್ದ ಆ ಹಳೇ ಡಬ್ಬವನ್ನು ನೋಡಿದಳು. ಬೆಳಿಗ್ಗೆ ಒಂಬತ್ತಕ್ಕೆ ಅದು ಅವಳ ಕೈಯಲ್ಲೇ ಇತ್ತು.

"ಮೊಮ್ಮಗಳು ಶ್ರೀಯಾ ಕಾಲೇಜು ಹಾಸ್ಟೆಲಿಗೆ ಹೋದ್ಲಲ್ಲ, ಅವಳ ರೂಮ್ ಖಾಲಿ ಬಿದ್ದಿದೆ," ಎಂದರು ಜಯರಾಮ. "ಇವರಿಗೆ ಹಿಡಿಸಿದೆ."

"ನಿನ್ನದೂ ನೋಡ್ತೇನೆ, ನಡಿ," ಎಂದು ಜಲಜಾಕ್ಷಿ ಎದ್ದಳು.

ನೋಡಿದಳು. ಕಿಟಕಿ ಚೆಂದ ಉಂಟು ಎಂದಳು. ದಿಂಬನ್ನು ಒತ್ತಿ ನೋಡಿ ಮೆತ್ತಗುಂಟು ಎಂದಳು. "ಬೇಜಾರು ಮಾಡ್ಕೊಳ್ಬೇಡ, ಆಯ್ತಾ? ಎದುರುಮನೆಯೇ ಅಲ್ವಾ? ದಿನಾ ಕಾಣ್ಲಿಕ್ಕೆ ಸಿಗ್ತೇನೆ." ಅಡುಗೆಮನೆಯ ಕಟ್ಟೆಯ ಮೇಲೆ ಮಿನುಗುತ್ತಿದ್ದ ಹೊಸ ಡಬ್ಬ ಕಣ್ಣಿಗೆ ಬಿತ್ತು. "ಇದು ಸುಮ್ನೆ ಕೂತಿದೆಯಲ್ಲ? ಅಲ್ಲಿ ಉಳಿದ ಬೀಜ ಹಾಕಿಡ್ಲಿಕ್ಕೆ ಕೊಡು."

ವೃಂದಾ ಡಬ್ಬ ಎತ್ತಿಕೊಂಡಳು. ಆಮೇಲೆ ನಿಂತಳು. ಖಾಲಿ ಕೊಡುವುದು ಹೇಗೆ? ಕಟ್ಟೆಯೆಲ್ಲ ಕಣ್ಣಾಡಿಸಿದಳು. ಬೆಳಿಗ್ಗೆ ಹಿಡಿ ತುಂಬುವಾಗ ಜಾರಿದ್ದಿರಬೇಕು, ಒಲೆಯ ಕಾಲಿನ ಹಿಂದೆ ಒಂದೇ ಒಂದು ಬೀಜ ಇತ್ತು. ಒರೆಸಿ ಡಬ್ಬಕ್ಕೆ ಹಾಕಿ, ಕೊಂಡಿ ಒತ್ತಿ ಕೊಟ್ಟಳು. ಜಲಜಾಕ್ಷಿ ಪಡಸಾಲೆ ದಾಟುವವರೆಗೂ ಬೀಜ ಒಳಗೆ ಟಿಕ್ ಟಿಕ್ ಎನ್ನುತ್ತಿದ್ದುದು ಕೇಳಿತು. ಎದುರು ಬಾಗಿಲು ಮುಚ್ಚಿತು.

ವೃಂದಾ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದು ಕೂತಳು. ಡಬ್ಬ ತನ್ನದು. ಇವತ್ತಲ್ಲ ನಾಳೆ ವಾಪಸ್ ಬರಲೇಬೇಕು. ನಾಗಮಣಿಯ ಮನೆಯಿಂದ ಖಾಲಿಯಂತೂ ಬರುವುದಿಲ್ಲ. ಕೊಡಲು ಬಂದವರು ಒಂದು ಗಳಿಗೆ ಕೂರಬಹುದು. ಎರಡು ಬಾಳೆಹಣ್ಣು ಇನ್ನೂ ಇದ್ದವು.

ಇಪ್ಪತ್ತೇ ನಿಮಿಷಕ್ಕೆ ಕರೆಗಂಟೆ ಮೊಳಗಿತು. ಅವಳು ಎಷ್ಟು ಬೇಗ ಬಾಗಿಲು ತೆರೆದಳೆಂದರೆ ಜಯರಾಮರ ಬೆರಳು ಇನ್ನೂ ಗುಂಡಿಯ ಮೇಲಿತ್ತು.

"ಇದರಲ್ಲಿ ಪರಿಮಳವೇ ಹಿಡಿಯಲ್ಲವಂತೆ ವೃಂದಾ, ಇಂಗಿನ ಡಬ್ಬವೇ ಸಾಕಂತೆ," ಎಂದು ಡಬ್ಬ ಅವಳ ಕೈಗಿಟ್ಟು, "ಕಾಫಿ ಆರುತ್ತೆ, ಬರ್ತೀನಿ" ಎಂದು ಹೊರಟರು.

"ಒಂದು ಬಾಳೆಹಣ್ಣು..." ಎಂದಳು ವೃಂದಾ.

"ಶುಗರ್ ಮ್ಮಾ," ಎಂದಿತು ಮುಚ್ಚುತ್ತಿದ್ದ ಬಾಗಿಲು.

ಅವಳು ಕೊಂಡಿ ಎತ್ತಿ ನೋಡಿದಳು. ಪದ್ಧತಿ ತಪ್ಪಿರಲಿಲ್ಲ. ಒಳಗೆ ಬೀಜವಿತ್ತು, ಒಂದು. ಅವಳೇ ಒಲೆಯ ಹಿಂದಿನಿಂದ ಹೆಕ್ಕಿ ಹಾಕಿದ್ದು.

ಗಾಳಿ ಹೋಗದಂತೆ ಬೇಗ ಮುಚ್ಚಿದಳು.