ಇಟಲಿಯ ಬೆಟ್ಟದಲ್ಲಿ ಚಿಕ್ಕಮ್ಮನ ಅರ್ಚನೆ

ನಮ್ಮ ಚಿಕ್ಕಮ್ಮನಿಗೆ ದೇವರೆಂದರೆ ಬಹಳ ಭಕ್ತಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭಕ್ತಿಯಲ್ಲ ಸ್ವಾಮೀ, ಸಲುಗೆ! ಈ ಪರದೇಶದ ಫ್ರೀಮಾಂಟಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಮಗನ ಜೊತೆ ಇರುವ ಇವರು, ಮೈಸೂರು ಬಿಟ್ಟು ಎಷ್ಟೋ ವರ್ಷವಾದರೂ ಚಾಮುಂಡಿಯನ್ನು ಪಕ್ಕದ ಮನೆಯವಳಂತೆ ವಿಚಾರಿಸಿಕೊಳ್ಳುತ್ತಾರೆ. "ನಿನ್ನೆ ಹೇಳಿದ ಕೆಲಸ ಏನಾಯ್ತೇ?" ಎಂದು ದೀಪ ಹಚ್ಚುತ್ತಾ ಗದರುವುದನ್ನು ನಾನೇ ಕೇಳಿದ್ದೇನೆ. ಮೊಮ್ಮಗನ ಡ್ರೈವಿಂಗ್ ಟೆಸ್ಟಿಗೂ ಹರಕೆ, ಗ್ಯಾರೇಜಿನ ಬಾಗಿಲು ಕೆಟ್ಟರೂ ಹರಕೆ.

ಅದಕ್ಕೇ ನನ್ನ ಎದೆಯ ಗಂಟಿನ ವಿಷಯ ಅವರಿಗೆ ಹೇಳಿರಲಿಲ್ಲ. ಬಯಾಪ್ಸಿ ಆಗಿತ್ತು, ರಿಪೋರ್ಟು ಬರಬೇಕಿತ್ತು. ಅಮ್ಮ ಹೋದದ್ದು ಎದೆಯ ಕ್ಯಾನ್ಸರಿನಿಂದಲೇ. ಗೊತ್ತಿದ್ದದ್ದು ನನ್ನ ಗಂಡನಿಗೊಬ್ಬನಿಗೇ. ಚಿಕ್ಕಮ್ಮ, ನಾನು, ನನ್ನ ಹದಿನಾಲ್ಕರ ಮಗಳು ಇಟಲಿಗೆ ಹೋಗಲು ಟಿಕೆಟ್ಟು ಎಂದೋ ಆಗಿತ್ತು. "ಮನೇಲಿ ಕೂತು ಫೋನ್ ನೋಡೋದಕ್ಕಿಂತ ಹೋಗಿ ಬಾ" ಎಂದ ಗಂಡ. ಹೋದೆ. ಅಲ್ಲಿ ಕೂತು ಫೋನು ನೋಡತೊಡಗಿದೆ!

ರೋಮಿನಿಂದ ಒಂದು ದಿನದ ವ್ಯಾನು ಪ್ರವಾಸ, ಬೆಟ್ಟದ ಮೇಲಿನ ಎರಡು ಊರು. ಮೊದಲನೆಯದು ಪುಟ್ಟ ಊರು. ವ್ಯಾನು ತಪ್ಪಲಲ್ಲೇ ನಿಂತಿತು. ಮೇಲಕ್ಕೆ ಕಲ್ಲಿನ ಮೆಟ್ಟಿಲು. ಮೈಸೂರಿನವರಿಗೆ ಬೆಟ್ಟ, ಮೆಟ್ಟಿಲು ಎರಡನ್ನೂ ಒಟ್ಟಿಗೆ ತೋರಿಸಬಾರದು! ನಾನು ತಿರುಗಿ ನೋಡುವಷ್ಟರಲ್ಲಿ ಚಿಕ್ಕಮ್ಮ ಹ್ಯಾಂಡ್‌ಬ್ಯಾಗಿನಿಂದ ಡಬ್ಬಿ ತೆಗೆದು ಒಂದೊಂದೇ ಮೆಟ್ಟಿಲಿಗೆ ಅರಿಶಿನ, ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ಹಿಂದೆಯೇ ನನ್ನ ಮಗಳು, "ಅಜ್ಜೀ, ಪ್ಲೀಸ್, ದಿಸ್ ಈಸ್ ಇಲ್ಲೀಗಲ್!" ಎಂದು ಗೋಗರೆಯುತ್ತಾ ಒದ್ದೆ ಟಿಶ್ಯೂವಿನಿಂದ ಒರೆಸಿಕೊಂಡು ಬರುತ್ತಿದ್ದಳು.

"ಚಿಕ್ಕಮ್ಮಾ, ಇದು ಚಾಮುಂಡಿ ಬೆಟ್ಟ ಅಲ್ಲ!"

"ಗೊತ್ತು ಕಣೇ. ಅಲ್ಲಿ ಸಾವಿರ ಮೆಟ್ಲು. ಇಲ್ಲಿ ಇನ್ನೂರೂ ಇಲ್ಲ, ಸುಲಭ."

ಅಷ್ಟರಲ್ಲಿ ಪಕ್ಕದ ಮನೆಯಿಂದ ಪೊರಕೆ ಹಿಡಿದ ಅಜ್ಜಿಯೊಬ್ಬರು ಹೊರಬಂದು, ಕೈ ಬೀಸಿ ಬೀಸಿ ಬೈಯತೊಡಗಿದರು. ಇನ್ನೇನು ಪೊಲೀಸರು ಬಂದರು ಎಂದು ನಾನು ನಡುಗುತ್ತಿದ್ದರೆ, ಚಿಕ್ಕಮ್ಮ ಆಕೆಯ ಹಣೆಗೂ ಕುಂಕುಮ ಇಟ್ಟುಬಿಟ್ಟರು! ಆಕೆ ಪೊರಕೆ ಕೆಳಗಿಟ್ಟು, ಒಳಗೆ ಹೋಗಿ, ಬೊಗಸೆ ತುಂಬ ಅಂಜೂರ ತಂದುಕೊಟ್ಟರು.

"ನೋಡಿದ್ಯಾ? ಕುಂಕುಮ ಇಟ್ಟವರನ್ನ ಬರಿಗೈಲಿ ಕಳಿಸಬಾರದು ಅಂತ ಇವರಿಗೂ ಗೊತ್ತಿದೆ" ಎಂದರು ಚಿಕ್ಕಮ್ಮ.

ಎರಡನೆಯ ಊರು ಓರ್ವಿಯೆತೊ. ಅಲ್ಲಿನ ಕ್ಯಾಥೆಡ್ರಲ್ಲಿನ ಮುಂಭಾಗದಲ್ಲಿ ಚಿನ್ನದ ಹೊಳಪಿನ ಚಿತ್ರಗಳು, ಪಕ್ಕದ ಗೋಡೆಗೆಲ್ಲ ಕಪ್ಪು ಬಿಳಿ ಪಟ್ಟೆ. "ದೇವಸ್ಥಾನದ ಗೋಡೆಗೆ ನಾವು ಸುಣ್ಣ, ಕೆಮ್ಮಣ್ಣು ಬಳೀತೀವಿ. ಇವರಿಗೆ ಕೆಮ್ಮಣ್ಣು ಸಿಕ್ಕಿಲ್ಲ, ಪಾಪ" ಎಂದು ಚಿಕ್ಕಮ್ಮನ ತೀರ್ಪಾಯಿತು. ಒಳಗೆ ಒಂದು ಕೋಣೆಯ ಗೋಡೆ ತುಂಬ ಲೋಕದ ಕಡೆಯ ದಿನದ ಚಿತ್ರ. ದೇವದೂತರು ತುತ್ತೂರಿ ಊದುತ್ತಿದ್ದಾರೆ, ಸತ್ತವರು ನೆಲದಿಂದ ಎದ್ದು ಬರುತ್ತಿದ್ದಾರೆ, ಕೆಲವರಿನ್ನೂ ಬರೀ ಎಲುಬು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಚಿಕ್ಕಮ್ಮ, "ಮೇಲೆ ಓಲಗ ಊದ್ತಿದಾರೆ, ಕೆಳಗೆ ಒಬ್ಬರ ಮೈಮೇಲೂ ನೆಟ್ಟಗೆ ಬಟ್ಟೆ ಇಲ್ಲ! ಮದುವೆ ಮನೆಗೆ ಹೀಗಾ ಬರೋದು?" ಎಂದರು. ಮಗಳು ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ಆ ಎಲುಬುಗಳನ್ನು ನೋಡುತ್ತಿದ್ದಂತೆ ಕೈ ಫೋನಿಗೆ ಹೋಯಿತು. ರಿಪೋರ್ಟು ಬಂದಿರಲಿಲ್ಲ.

ತಲೆಯೆತ್ತಿದರೆ ಚಿಕ್ಕಮ್ಮ ಇಲ್ಲ! ಮಗಳನ್ನು ಅಲ್ಲೇ ನಿಲ್ಲಿಸಿ ಹುಡುಕುತ್ತಾ ಹೋದೆ. ಗೋಡೆಯ ಪಕ್ಕ ಒಂದು ಮರದ ಗೂಡು. ಭಕ್ತರು ಪಾದ್ರಿಯ ಮುಂದೆ ತಮ್ಮ ಪಾಪಗಳನ್ನು ಹೇಳಿಕೊಳ್ಳುವ ಜಾಗ. ಒಳಗೆ ಪಾದ್ರಿ, ಜಾಲರಿಯ ಈಚೆ ಮಂಡಿಯೂರಿದ ಚಿಕ್ಕಮ್ಮ! ಜನ ಸಾಲು ನಿಂತಿದ್ದಾರೆ, ಒಳಗೆ ಪೂಜಾರಿ ಕೂತಿದ್ದಾರೆ ಅಂದಮೇಲೆ ಅದು ಅರ್ಚನೆ ಮಾಡಿಸುವ ಜಾಗವಲ್ಲದೆ ಮತ್ತೇನು? ಅಪ್ಪಟ ಕನ್ನಡದಲ್ಲಿ ಮಗ, ಸೊಸೆ, ಮೊಮ್ಮಗ ಎಲ್ಲರ ಗೋತ್ರ, ನಕ್ಷತ್ರ, ರಾಶಿ ಸಾಗಿತ್ತು. ಪಾದ್ರಿ ನಡುನಡುವೆ "ಸೀ, ಸೀ" ಎಂದು ಹೂಂಗುಟ್ಟುತ್ತಿದ್ದರು. ಇಷ್ಟೊಂದು ಪಾಪ ಮಾಡಿದ ಹೆಂಗಸನ್ನು ಅವರು ಜನ್ಮದಲ್ಲೇ ಕಂಡಿರಲಿಕ್ಕಿಲ್ಲ!

ಎಬ್ಬಿಸೋಣವೆಂದು ಹತ್ತಿರ ಹೋದೆ.

"ಕೌಶಿಕ ಗೋತ್ರ, ರೋಹಿಣಿ ನಕ್ಷತ್ರ, ವೃಷಭ ರಾಶಿ. ಇವಳು ನಮ್ಮಕ್ಕನ ಮಗಳು ಸ್ವಾಮಿ. ಕಾರಲ್ಲಿ ಸೀಟ್ ಬೆಲ್ಟು ಎದೆಗೆ ತಾಗದ ಹಾಗೆ ಕೈಲಿ ಎತ್ತಿ ಹಿಡ್ಕೊಂಡು ಕೂತಿರ್ತಾಳೆ. ನಂಗೇನೂ ಹೇಳಿಲ್ಲ, ನಾನೂ ಕೇಳಿಲ್ಲ. ಅಕ್ಕನ್ನ ಕಳ್ಕೊಂಡಿದೀನಿ. ಇವಳನ್ನ ಉಳಿಸಿಕೊಡಿ."

ನಾನು ಎಬ್ಬಿಸಲಿಲ್ಲ. ಪಾದ್ರಿ ಕೈಯೆತ್ತಿ ಏನೋ ಹರಸಿದರು. ಚಿಕ್ಕಮ್ಮ ಮಂಡಿ ಹಿಡಿದುಕೊಂಡು ಎದ್ದು ಬಂದರು.

"ಒಳ್ಳೆಯವರು ಕಣೇ, ಪೂರ್ತಿ ಕೇಳಿದ್ರು. ತೀರ್ಥ ಮಾತ್ರ ಕೊಡ್ಲಿಲ್ಲ" ಎನ್ನುತ್ತಾ ನನ್ನ ಮುಖ ನೋಡಿದರು.

"ಚಿಕ್ಕಮ್ಮಾ, ನಂಗೆ ತುಂಬಾ ಭಯ ಆಗ್ತಿದೆ" ಎಂದೆ. ಗಂಡನಿಗೂ ಬಾಯಿಬಿಟ್ಟು ಹೇಳಿರಲಿಲ್ಲ ಆ ಮಾತನ್ನು. ಚಾಮುಂಡಿ ನೋಡ್ಕೋತಾಳೆ ಬಿಡು ಎನ್ನುತ್ತಾರೆಂದು ಕಾದೆ.

ಚಿಕ್ಕಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು.

"ನಂಗೂ ಭಯ ಕಣೇ. ಚಾಮುಂಡೀನ ದಿನಾ ಕೇಳ್ತಾನೇ ಇದೀನಿ, ಆದ್ರೂ ಧೈರ್ಯ ಸಾಲ್ತಿಲ್ಲ. ಅದಕ್ಕೇ ಗುರುತು ಪರಿಚಯ ಇಲ್ದಿರೋ ದೇವರ ಮುಂದೆ ಮಂಡಿ ಊರಿದೆ."